ಬೇಕರಿಯ ಹಿಂಬದಿಯಲ್ಲೊಂದು ಕೊಲೆ

ಜೋಆನ್ ಫ್ಲೂಕ್ ಅವರ ‘ಚಾಕೊಲೇಟ್ ಚಿಪ್ ಕುಕಿ ಮರ್ಡರ್’ (2000) ಅಮೆರಿಕದ ಮಿನೆಸೋಟಾ ರಾಜ್ಯದ ಲೇಕ್ ಈಡನ್ ಎಂಬ ಕಾಲ್ಪನಿಕ ಪುಟ್ಟ ಊರಿನಲ್ಲಿ ನಡೆಯುವ ಪತ್ತೇದಾರಿ ಕಾದಂಬರಿ. ‘ಕುಕಿ ಜಾರ್’ ಎಂಬ ಬೇಕರಿ ನಡೆಸುವ ಹ್ಯಾನಾ ಸ್ವೆನ್‌ಸನ್‌ಗೆ, ಹಾಲು ತಂದುಕೊಡುವ ಡೈರಿಯ ಚಾಲಕ ತನ್ನ ಅಂಗಡಿಯ ಹಿಂದೆಯೇ ಗುಂಡೇಟಿಗೆ ಬಲಿಯಾಗಿ, ತಾನೇ ಬೇಯಿಸಿದ ಕುಕಿಗಳ ನಡುವೆ ಬಿದ್ದಿರುವುದು ಕಾಣುತ್ತದೆ. ಷರೀಫ್ ಕಚೇರಿಯಲ್ಲಿರುವ ತಂಗಿಯ ಗಂಡನಿಗೆ ನೆರವಾಗಲು, ಗಿರಾಕಿಗಳ ಕಾಫಿ ಹರಟೆಗೆ ಕಿವಿಗೊಡುತ್ತಲೇ ಅವಳು ಸುಳಿವುಗಳನ್ನು ಕೂಡಿಸುವ ಬಗೆ ನನಗೆ ಬಹಳ ಹಿಡಿಸಿತು. ಕಪ್ಪು ತುಂಬಿಸುವವಳಿಗೂ ಕಿವಿಯಿದೆ ಎಂಬುದು ಅವರಿಗೆ ನೆನಪೇ ಇರುವುದಿಲ್ಲವಲ್ಲ! ಮದುವೆಗೆ ಒತ್ತಾಯಿಸುವ ತಾಯಿಯ ಪ್ರಸಂಗಗಳು ಮಾತ್ರ ಮತ್ತೆ ಮತ್ತೆ ಬಂದು ಬೇಸರ ತರಿಸುತ್ತವೆ. ನಡುನಡುವೆ ಬರುವ ಪಾಕವಿಧಾನಗಳು ಕಥೆಯ ಓಟವನ್ನು ತಡೆದರೂ, ಪುಡಿಮಾಡಿದ ಕಾರ್ನ್‌ಫ್ಲೇಕ್ಸ್ ಬೆರೆಸುವ ಕುಕಿಯ ಪುಟವನ್ನು ಮಡಿಚಿಟ್ಟುಕೊಂಡಿದ್ದೇನೆ.