ಬೂದಿಯ ನೆಗಡಿಗೆ ನಾನು ಮಾಡಿದ್ದೆಲ್ಲ: ಯಾವುದು ಗೆದ್ದಿತು, ಯಾವುದು ಸುಮ್ನೆ

ನಮ್ಮ ಬೆಕ್ಕು ಬೂದಿ ಒಂದು ಸೀನಿಗೆ ನಿಲ್ಲಿಸುವವಳಲ್ಲ. ಒಂದೇ ಸಮನೆ ಎಂಟು, ಹತ್ತು. ಆಮೇಲೆ ಗೋಡೆ ಒರೆಸುವ ಕೆಲಸ ನನ್ನದು. ಮರಿಯಾಗಿದ್ದಾಗ ಒಮ್ಮೆ ಜೋರಾಗಿ ನೆಗಡಿ ಬಂದು ಹೋಗಿತ್ತು. ನನ್ನ ಹತ್ತಿರ ಬಂದ ಮೇಲೆ ಈ ಮೂರು ವರ್ಷದಲ್ಲಿ ಒಂಬತ್ತು ಸಲ ಮರಳಿದೆ. ಪ್ರತಿ ಸಲವೂ ಒಂದೇ ಕ್ರಮ. ಮೊದಲು ಎಡಗಣ್ಣು ಕಿರಿದಾಗುತ್ತದೆ. ಮರುದಿನ ಸೀನು. ಅದರ ಮರುದಿನ ಮೂಗು ಕಟ್ಟಿ, ತಟ್ಟೆ ಮುಂದೆ ಕೂತು ನನ್ನ ಮುಖ ನೋಡುತ್ತಾಳೆ.

ಬೆಕ್ಕಿನ ನೆಗಡಿಗೆ ಹೆಚ್ಚಿನ ಸಲ ಎರಡು ವೈರಸ್‌ಗಳೇ ಕಾರಣ: ಹರ್ಪಿಸ್ ಮತ್ತು ಕ್ಯಾಲಿಸಿ. ಬಾಯಲ್ಲಿ ಹುಣ್ಣು, ಜೊಲ್ಲು ಜಾಸ್ತಿ ಇದ್ದರೆ ಕ್ಯಾಲಿಸಿ ಇರಬಹುದು. ಕಣ್ಣು ಮತ್ತು ಸೀನು ಒಟ್ಟಿಗೆ ಬಂದರೆ ಹರ್ಪಿಸ್ ಮೇಲೆ ಅನುಮಾನ. ಬೂದಿಗೆ ಹರ್ಪಿಸ್ ಎಂದು ಪಿಸಿಆರ್ ಪರೀಕ್ಷೆಯಲ್ಲಿ ಗೊತ್ತಾಯಿತು. ಇದು ಪೂರ್ತಿ ಹೋಗುವ ರೋಗವಲ್ಲ. ವೈರಸ್ ಮುಖದ ನರದ ಗಂಟಿನಲ್ಲಿ ಅಡಗಿ ಕೂತಿರುತ್ತದೆ, ಬೆಕ್ಕಿಗೆ ಒತ್ತಡವಾದಾಗ ಹೊರಗೆ ಬರುತ್ತದೆ. ಇದನ್ನು ಮೊದಲೇ ಸರಿಯಾಗಿ ಅರ್ಥ ಮಾಡಿಕೊಂಡಿದ್ದರೆ ನನ್ನ ಅರ್ಧ ಪ್ರಯೋಗಗಳು ಬೇಕಿರಲಿಲ್ಲ.

ಮೊದಲ ಮೂರು ಸಲವೂ ಆಂಟಿಬಯೋಟಿಕ್ ಕೊಡಿಸಿದೆ. ಡಾಕ್ಟರ್ ಒಮ್ಮೆ "ಸ್ವಲ್ಪ ಕಾಯೋಣ" ಎಂದರೂ ನಾನೇ ಬಿಡಲಿಲ್ಲ, ಬರಿಗೈಲಿ ವಾಪಸ್ ಬರುವುದು ಹೇಗೆ ಅಂತ. ಹತ್ತು ಹನ್ನೆರಡು ದಿನಕ್ಕೆ ವಾಸಿಯಾಯಿತು. ಜೊತೆಗೆ ಭೇದಿ ಬೇರೆ. ನಾಲ್ಕನೇ ಸಲ ಏನೂ ಕೊಡದೆ ಕಾದೆವು. ಹನ್ನೊಂದು ದಿನಕ್ಕೆ ವಾಸಿ! ಅಂದರೆ ಮೊದಲ ಮೂರು ಸಲವೂ ಔಷಧಿ ಗೆದ್ದಿರಲಿಲ್ಲ, ದಿನಗಳು ಕಳೆದಿದ್ದವು ಅಷ್ಟೆ. 2017ರಲ್ಲಿ ಪಶುವೈದ್ಯರಿಗಾಗಿ ಬಂದ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಹೀಗೇ ಹೇಳುತ್ತದೆ. ಜ್ವರವಿಲ್ಲ, ಬೆಕ್ಕು ಚುರುಕಾಗಿದೆ, ತಿನ್ನುತ್ತಿದೆ ಅಂದರೆ ಹತ್ತು ದಿನದವರೆಗೆ ಆಂಟಿಬಯೋಟಿಕ್ ಇಲ್ಲದೆ ನೋಡಬಹುದು.

ಹಾಗಂತ ಆಂಟಿಬಯೋಟಿಕ್ ದಂಡ ಅಲ್ಲ. ಆರನೇ ಸಲ ಹಸಿರು ಮಿಶ್ರಿತ ಹಳದಿ ಸಿಂಬಳ, ಮೈ ಬಿಸಿ, ಊಟ ಬಂದ್. ಆಗ ಡಾಕ್ಸಿಸೈಕ್ಲಿನ್ ಕೊಟ್ಟರು. ಮೂರನೇ ದಿನಕ್ಕೆ ತಾನೇ ತಟ್ಟೆ ಹತ್ತಿರ ಬಂದಳು. ವೈರಸ್ ದಾರಿ ಮಾಡಿಕೊಟ್ಟ ಮೇಲೆ ಬ್ಯಾಕ್ಟೀರಿಯಾ ಸೇರಿಕೊಂಡಿದ್ದರೆ ಇದಕ್ಕೆ ಬೆಲೆ ಇದೆ. ಕ್ಲಮೈಡಿಯಾ, ಮೈಕೊಪ್ಲಾಸ್ಮಾ, ಬೋರ್ಡೆಟೆಲ್ಲಾ ಎಂಬ ಬ್ಯಾಕ್ಟೀರಿಯಾಗಳ ಮೇಲೂ ಕೆಲಸ ಮಾಡುತ್ತದೆ. ಒಂದೇ ಎಚ್ಚರಿಕೆ: ಈ ಮಾತ್ರೆಯನ್ನು ಒಣದಾಗಿ ನುಂಗಿಸಬೇಡಿ. ಬೆಕ್ಕಿನ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಅಲ್ಲೇ ಸುಟ್ಟು ಗಾಯ ಮಾಡುತ್ತದೆ, ಆಮೇಲೆ ಆ ಜಾಗ ಕಿರಿದಾಗಿಬಿಡುತ್ತದೆ. ಮಾತ್ರೆಯ ಹಿಂದೆಯೇ ಸಿರಿಂಜಿನಲ್ಲಿ ಐದಾರು ಎಂಎಲ್ ನೀರು. ಬೂದಿ ಗುರ್ ಎಂದರೂ ಈ ನೀರು ತಪ್ಪಿಸಲಿಲ್ಲ.

ಇನ್ನು ಲೈಸಿನ್ ಎಂಬ ಅಮೈನೋ ಆಮ್ಲದ ಪುಡಿ. ಬೆಕ್ಕು ಸಾಕುವವರಲ್ಲಿ ಇದರ ಹೆಸರು ಕೇಳದವರು ಕಡಿಮೆ. ದಿನಕ್ಕೆ ಎರಡು ಸಲ 500 ಮಿಲಿಗ್ರಾಂ, ಊಟದ ಮೇಲೆ ಉದುರಿಸಿ, ಎಂಟು ತಿಂಗಳು ಕೊಟ್ಟೆ. ವೈರಸ್‌ಗೆ ಅರ್ಜಿನಿನ್ ಎಂಬ ಇನ್ನೊಂದು ಅಮೈನೋ ಆಮ್ಲ ಬೇಕು, ಲೈಸಿನ್ ಅದಕ್ಕೆ ಅಡ್ಡ ನಿಲ್ಲುತ್ತದೆ ಅನ್ನುವುದು ಇದರ ತರ್ಕ. ಕೇಳಲು ಚೆನ್ನಾಗಿದೆ. ಆದರೆ ಬೆಕ್ಕಿಗೂ ಅರ್ಜಿನಿನ್ ಬೇಕೇ ಬೇಕು. ಅದು ಊಟದಲ್ಲಿ ಇಲ್ಲದೇ ಹೋದರೆ ಕೆಲವೇ ಗಂಟೆಯಲ್ಲಿ ರಕ್ತದಲ್ಲಿ ಅಮೋನಿಯಾ ಏರುತ್ತದೆ. ಅಂದರೆ ಈ ತರ್ಕ ನಿಜವಾಗಿದ್ದರೆ ವೈರಸ್‌ಗಿಂತ ಮೊದಲು ಬೆಕ್ಕಿಗೇ ಕಷ್ಟ. 2015ರಲ್ಲಿ ಅದುವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ನೋಡಿದ ಒಂದು ಪರಿಶೀಲನೆ, ಲೈಸಿನ್‌ನಿಂದ ಉಪಯೋಗವಿಲ್ಲ, ನಿಲ್ಲಿಸಿ ಎಂದೇ ಹೇಳಿತು. ನನ್ನ ಲೆಕ್ಕ ಇಷ್ಟು: ಲೈಸಿನ್‌ಗೆ ಮುಂಚಿನ ಎಂಟು ತಿಂಗಳಲ್ಲಿ ಮೂರು ಸಲ ನೆಗಡಿ, ಲೈಸಿನ್ ಕೊಟ್ಟ ಎಂಟು ತಿಂಗಳಲ್ಲೂ ಮೂರು ಸಲ. ಮೇಲಾಗಿ ಪುಡಿ ಬಿದ್ದ ಊಟವನ್ನು ಬೂದಿ ಮೂಸಿ ಬಿಟ್ಟುಬಿಡುತ್ತಿದ್ದಳು. ಮೂಗು ಕಟ್ಟಿದ ಬೆಕ್ಕಿಗೆ ಊಟ ಬಿಡಲು ಇನ್ನೊಂದು ನೆಪ ಬೇಕಾ?

ಏಳನೇ ಸಲ ಬೇರೆ ಡಾಕ್ಟರ್ ಫ್ಯಾಮ್ಸೈಕ್ಲೊವಿರ್ ಬರೆದರು. ಮನುಷ್ಯರ ಹರ್ಪಿಸ್ ಮಾತ್ರೆಯೇ ಇದು. ಲೈಸಿನ್ ಮತ್ತು ಇದರ ನಡುವೆ ಹೋಲಿಕೆಯೇ ಇಲ್ಲ. ಕಣ್ಣು ಕಿರಿದಾದ ದಿನವೇ ಶುರು ಮಾಡಿದಾಗ ಏಳನೇ ಸಲ ಆರು ದಿನ, ಎಂಟನೇ ಸಲ ಐದು ದಿನ, ಒಂಬತ್ತನೇ ಸಲ ಏಳು ದಿನ. ಮೊದಲು ಹನ್ನೊಂದು ಹನ್ನೆರಡು ಎಳೆಯುತ್ತಿದ್ದ ನೆಗಡಿ ಇದು. ದೋಷವೂ ಇದೆ. ಬೆಕ್ಕಿನ ತೂಕಕ್ಕೆ ಹೋಲಿಸಿದರೆ ಪ್ರಮಾಣ ದೊಡ್ಡದು, ದಿನಕ್ಕೆ ಎರಡು ಮೂರು ಸಲ ಕೊಡಬೇಕು. ಕಹಿ ಎಷ್ಟೆಂದರೆ ನಾಲಿಗೆಗೆ ತಾಗಿದರೆ ಬಾಯಿ ತುಂಬ ನೊರೆ. ಕ್ಯಾಪ್ಸೂಲ್‌ನಲ್ಲಿ ಹಾಕಿ ಕೊಡುವುದನ್ನು ಕಲಿತ ಮೇಲೆ ನಮ್ಮಿಬ್ಬರ ಸಂಬಂಧ ಸುಧಾರಿಸಿತು. ಅಡಗಿ ಕೂತ ವೈರಸ್ಸನ್ನು ಇದೂ ಓಡಿಸುವುದಿಲ್ಲ. ಕಿಡ್ನಿ ತೊಂದರೆ ಇರುವ ಬೆಕ್ಕಿಗೆ ಪ್ರಮಾಣ ಬದಲಿಸಬೇಕಾಗುತ್ತದೆ. "ಹೆಸರು ಒಂದೇ ತರ ಇದೆಯಲ್ಲ" ಎಂದು ಮನೆಯಲ್ಲಿರುವ ವ್ಯಾಲಸೈಕ್ಲೊವಿರ್ ಕೊಡಬೇಡಿ. ಅದು ಬೆಕ್ಕಿಗೆ ವಿಷ, ಜೀವ ಹೋಗಬಹುದು. ನೆಗಡಿ ಜ್ವರ ಎಂದು ಪ್ಯಾರಸಿಟಮಾಲ್ ಕೊಡುವುದೂ ಹಾಗೇ.

ಹಬೆ ಮತ್ತು ನೆಬ್ಯುಲೈಸರ್ ನಡುವೆ ನಾನು ನೆಬ್ಯುಲೈಸರ್ ಗೆಲ್ಲುತ್ತದೆ ಅಂದುಕೊಂಡಿದ್ದೆ. ಆ ಯಂತ್ರದಿಂದ ಸಲೈನಿನ, ಅಂದರೆ ಉಪ್ಪುನೀರಿನ, ಹನಿ ಬಲು ಸಣ್ಣದಾಗಿ ಬರುತ್ತದೆ, ಒಳಗೆ ಹೋಗುತ್ತದೆ. ಆದರೆ ಬೂದಿಗೆ ಆ ಮೋಟಾರಿನ ಸದ್ದೇ ಆಗದು. ಬುಟ್ಟಿಯೊಳಗೆ ಕೂರಿಸಿ ಟವೆಲ್ ಹೊದಿಸಿದರೆ ಬಾಯಿ ತೆರೆದು ಏದುಸಿರು. ಒತ್ತಡದಿಂದ ಬರುವ ರೋಗಕ್ಕೆ ಒತ್ತಡ ಕೊಟ್ಟು ಚಿಕಿತ್ಸೆ! ಎರಡೇ ದಿನಕ್ಕೆ ಯಂತ್ರವನ್ನು ಪೆಟ್ಟಿಗೆಗೆ ಹಾಕಿದೆ. ಬಚ್ಚಲುಮನೆಯ ಬಾಗಿಲು ಹಾಕಿ, ಬಿಸಿನೀರು ಬಿಟ್ಟು, ಹತ್ತು ಹದಿನೈದು ನಿಮಿಷ ನಾನೂ ಅವಳ ಜೊತೆ ನೆಲದ ಮೇಲೆ ಕೂರುತ್ತೇನೆ. ಅದನ್ನು ಅವಳು ಸಹಿಸುತ್ತಾಳೆ. ನಿಮ್ಮ ಬೆಕ್ಕು ಸದ್ದಿಗೆ ಹೆದರದಿದ್ದರೆ ಲೆಕ್ಕ ತಿರುಗಬಹುದು. ಎರಡರಲ್ಲೂ ನೀಲಗಿರಿ ಎಣ್ಣೆ, ಮುಲಾಮು ಏನೂ ಬೇಡ, ಬೆಕ್ಕಿನ ಲಿವರ್‌ಗೆ ಅದನ್ನು ಅರಗಿಸಿ ಹೊರಹಾಕುವ ಶಕ್ತಿ ತೀರ ಕಡಿಮೆ. ಹಬೆಯನ್ನು ಊಟಕ್ಕೆ ಮುಂಚೆ ಮಾಡಿ. ಮೂಗು ತೆರೆದಾಗಲೇ, ಸ್ವಲ್ಪ ಬೆಚ್ಚಗೆ ಮಾಡಿದ ಊಟ ಮುಂದಿಡಿ. ವಾಸನೆ ಸಿಕ್ಕದಿದ್ದರೆ ಬೆಕ್ಕು ತಿನ್ನುವುದಿಲ್ಲ.

ಎಲ್ಲಕ್ಕಿಂತ ಜಾಸ್ತಿ ಬದಲಾವಣೆ ತಂದದ್ದು ಔಷಧಿಯಲ್ಲ, ಒಂದು ಹಳೇ ಡೈರಿ. ನೆಗಡಿ ಬಂದ ದಿನಾಂಕಗಳನ್ನು ಬರೆದು ಹಿಂದಕ್ಕೆ ಎಣಿಸಿದೆ. ನೆಂಟರು ತುಂಬಿದ ವಾರದ ನಂತರ ಒಂದು. ಬೋರ್ಡಿಂಗ್‌ನಲ್ಲಿ ಬಿಟ್ಟು ಬಂದ ಮೇಲೆ ಎರಡು. ಎರಡನೇ ಬೆಕ್ಕು ಚುಕ್ಕಿ ಬಂದು ಒಂಬತ್ತನೇ ದಿನಕ್ಕೆ ಇನ್ನೊಂದು. ಒತ್ತಡವಾದ ಸುಮಾರು ಒಂದು ವಾರಕ್ಕೆ ವೈರಸ್ ಹೊರಬರಲು ಶುರುವಾಗುತ್ತದೆ. ಅಷ್ಟು ಅಂತರ ಇರುವುದರಿಂದಲೇ ನಾವು ಎರಡನ್ನೂ ಜೋಡಿಸಿ ನೋಡುವುದಿಲ್ಲ.

ಹಾಗಾಗಿ ಮೊದಲು, ಬೆಕ್ಕನ್ನು ಶಾಂತಗೊಳಿಸುವ ವಾಸನೆ ಹರಡುವ ಫೆರೋಮೋನ್ ಡಿಫ್ಯೂಸರ್ ಹಾಕಿದೆ. ಒಂದು ತಿಂಗಳು ನೋಡಿದೆ, ನನಗಂತೂ ವ್ಯತ್ಯಾಸ ಕಾಣಲಿಲ್ಲ. ಆಮೇಲೆ ಕಪಾಟಿನ ಮೇಲೆ ರಟ್ಟಿನ ಡಬ್ಬ ಇಟ್ಟೆ. ಮೂತ್ರದ ಟ್ರೇ ಒಂದರಿಂದ ಮೂರಕ್ಕೆ ಏರಿಸಿದೆ: ಎರಡು ಬೆಕ್ಕು, ಅದಕ್ಕೊಂದು ಹೆಚ್ಚು. ಊಟದ ತಟ್ಟೆಗಳನ್ನು ಬೇರೆ ಬೇರೆ ಕೋಣೆಗೆ ಸಾಗಿಸಿದೆ. ಬೋರ್ಡಿಂಗ್ ಬಿಟ್ಟು, ಮನೆಗೇ ಬಂದು ನೋಡಿಕೊಳ್ಳುವವರನ್ನು ಹುಡುಕಿದೆ. ಕಳೆದ ಒಂದು ವರ್ಷದಲ್ಲಿ ಒಂದೇ ಸಲ ನೆಗಡಿ. ಈಗ ನಾನು ಔಷಧಿಯನ್ನು ನೆಗಡಿ ಎಷ್ಟು ದಿನ ಎಳೆಯುತ್ತದೆ ಅನ್ನುವುದಕ್ಕೆ ಇಟ್ಟುಕೊಂಡಿದ್ದೇನೆ, ಎಷ್ಟು ಸಲ ಬರುತ್ತದೆ ಅನ್ನುವುದಕ್ಕೆ ಆ ಡಬ್ಬ.

ಲಸಿಕೆ ಬಗ್ಗೆ ಎರಡೇ ಮಾತು. ಅದು ಸೋಂಕನ್ನು ಪೂರ್ತಿ ತಡೆಯುವುದಿಲ್ಲ, ಜೋರು ಕಡಿಮೆ ಮಾಡುತ್ತದೆ. ಲಸಿಕೆ ಆಗಿದ್ದ ಚುಕ್ಕಿ ಬೂದಿಯಿಂದ ಅಂಟಿಸಿಕೊಂಡು ಎರಡು ದಿನ ಸೀನಿ ಸುಮ್ಮನಾದಳು.

ಕಣ್ಣಿನ ವಿಷಯದಲ್ಲಿ ಮಾತ್ರ ನಾನು ಯಾವ ಪ್ರಯೋಗಕ್ಕೂ ಹೋಗುವುದಿಲ್ಲ. ಹಿಂದಿನ ಸಲದ ಉಳಿದ ಡ್ರಾಪ್ಸ್‌ನಲ್ಲಿ ಸ್ಟೀರಾಯ್ಡ್ ಇದ್ದರೆ ಹರ್ಪಿಸ್ ಹುಣ್ಣು ಹೆಚ್ಚಾಗುತ್ತದೆ. ಕಣ್ಣು ಪೂರ್ತಿ ಮುಚ್ಚಿಕೊಂಡರೆ ಅಥವಾ ಮಬ್ಬಾದರೆ ಅದೇ ದಿನ ಡಾಕ್ಟರ್ ಹತ್ತಿರ ಹೋಗುತ್ತೇನೆ. ಕಣ್ಣಿಗೆ ಬಣ್ಣ ಹಾಕಿ ಹುಣ್ಣಿದೆಯಾ ಎಂದು ಅವರು ನೋಡಲಿ. ಬಾಯಿ ತೆರೆದು ಉಸಿರಾಡಿದರೂ, ಇಡೀ ದಿನ ಏನೂ ತಿನ್ನದಿದ್ದರೂ ಹಾಗೇ. ಬೆಕ್ಕು ಕೆಲವು ದಿನ ಉಪವಾಸ ಕೂತರೆ ಲಿವರ್‌ಗೆ ಕೊಬ್ಬು ತುಂಬಿಕೊಳ್ಳುತ್ತದೆ, ಅದು ನೆಗಡಿಗಿಂತ ದೊಡ್ಡ ಕಾಯಿಲೆ. ಮತ್ತೆ, ಒಂದೇ ಹೊಳ್ಳೆಯಿಂದ ವಾರಗಟ್ಟಲೆ ಸೋರುತ್ತಿದ್ದರೆ ನನ್ನ ಈ ಲೆಕ್ಕವನ್ನೆಲ್ಲ ಬದಿಗಿಡಿ. ಅಲ್ಲಿ ಹಲ್ಲಿನ ಬೇರು ಕೊಳೆತಿರಬಹುದು, ಮೂಗಿನೊಳಗೆ ಏನಾದರೂ ಬೆಳೆದಿರಬಹುದು.