ಥಾಣೆಯ ಕಾಲೇಜ್ ಕೌನ್ಸೆಲಿಂಗ್ ಆಫೀಸ್: ಸಿಟ್ಟಿಂಗ್ ತಗೊಳ್ಳಿ, ಪ್ಯಾಕೇಜ್ ಬೇಡ

ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಹತ್ತನೇ ಕ್ಲಾಸಿನ ಮಗುವಿದ್ದು, ಮುಂದೆ ಸೈನ್ಸೋ ಕಾಮರ್ಸೋ ಅಂತ ದಿನಾ ಮಾತು ನಡೀತಿದ್ದರೆ ಕೋರ್ಸು, ಕಾಲೇಜು ಆರಿಸಲು ಸಲಹೆ ಕೊಡುವ ಇಂಥ ಆಫೀಸಿಗೆ ಒಮ್ಮೆ ಹೋಗುವುದು ಒಳ್ಳೆಯದೇ. ಆದರೆ ಕೌನ್ಸೆಲರ್ ಎದುರು ಕೂತು ಮಾತಾಡುವ ಒಂದು ಗಂಟೆಯ ಸಿಟ್ಟಿಂಗ್‌ಗೆ ಮಾತ್ರ ದುಡ್ಡು ಕೊಡಿ. ಪ್ಯಾಕೇಜಿಗೆ ಸಹಿ ಹಾಕಬೇಡಿ. ಮತ್ತೆ, ಮುಂಬೈ ಕಡೆಯ ನಮ್ಮಂಥ ಕನ್ನಡದವರಿಗೆ ಬೇಕಾದ ಒಂದು ಮುಖ್ಯ ವಿಷಯ ಅಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಅದನ್ನು ಕೆಳಗೆ ಬರೆದಿದ್ದೇನೆ, ದಯವಿಟ್ಟು ಅಲ್ಲಿಯವರೆಗೆ ಓದಿ.

ನಾವು ಹೋಗಿದ್ದು ಥಾಣೆ ಸ್ಟೇಶನ್ ಪಶ್ಚಿಮಕ್ಕೆ, ನೌಪಾಡಾ ಕಡೆ. ಹೆಸರು ಹಾಕುತ್ತಿಲ್ಲ. ಇಂಥ ಆಫೀಸುಗಳು ಮುಲುಂಡಿನಿಂದ ಕಲ್ಯಾಣದವರೆಗೆ ಬೇಕಾದಷ್ಟಿವೆ, ಒಳಗೆ ನಡೆಯುವುದೂ ಹೆಚ್ಚುಕಮ್ಮಿ ಒಂದೇ ಥರ. ಮಗಳು ಹತ್ತರಲ್ಲಿದ್ದಾಗ ಹೋದೆವು, ಹನ್ನೆರಡರಲ್ಲಿ ಮತ್ತೆ ಹೋದೆವು.

ಕೌಂಟರಿನಲ್ಲಿ ಕೂತ ಹುಡುಗ ಮೊದಲು ರೇಟಿನ ಕಾಗದ ಕೈಗಿಡುತ್ತಾನೆ. ಒಂದು ಸಿಟ್ಟಿಂಗ್ 1,500 ರೂಪಾಯಿ. ಆಪ್ಟಿಟ್ಯೂಡ್ ಟೆಸ್ಟ್ ಸೇರಿಸಿದರೆ 6,000. ಹನ್ನೊಂದನೇ ಕ್ಲಾಸಿನ ಫಾರ್ಮಿನಿಂದ ಹಿಡಿದು ಡಿಗ್ರಿ ಅಡ್ಮಿಷನ್ ತನಕ ಪೂರ್ತಿ ಜವಾಬ್ದಾರಿ ನಮ್ಮದು ಅನ್ನುವ ಪ್ಯಾಕೇಜ್ 28,000. ನಾವು ನಡುವಿನದನ್ನು ತಗೊಂಡಿದ್ದೆವು. ಹಾಗಾಗಿ ಟೆಸ್ಟ್ ಹೇಗಿದೆ, ಸಿಟ್ಟಿಂಗ್ ಹೇಗಿದೆ ಅಂತ ಬೇರೆ ಬೇರೆಯಾಗಿ ಹೇಳಬಲ್ಲೆ.

ಟೆಸ್ಟ್ ಬೇಡ. ಕಂಪ್ಯೂಟರ್ ಮುಂದೆ ಕೂರಿಸಿ, ನಿನಗೆ ಗುಂಪಿನಲ್ಲಿ ಕೆಲಸ ಮಾಡುವುದು ಇಷ್ಟವೇ, ಹೊಸ ಜಾಗ ನೋಡುವುದು ಇಷ್ಟವೇ ಅಂತ ಪ್ರಶ್ನೆ ಮೇಲೆ ಪ್ರಶ್ನೆ ಕೇಳುತ್ತದೆ. ಹದಿನೈದು ವರ್ಷದ ಮಕ್ಕಳು ಇದಕ್ಕೆ ಈ ವಾರ ಒಂದು ಉತ್ತರ ಕೊಡ್ತಾರೆ, ಮುಂದಿನ ವಾರ ಇನ್ನೊಂದು, ಅಲ್ವಾ? ಆಮೇಲೆ ಬಣ್ಣದ ಚಾರ್ಟು ತುಂಬಿದ ದಪ್ಪ ರಿಪೋರ್ಟ್ ಕೊಡುತ್ತಾರೆ. ನಮ್ಮ ಬಿಲ್ಡಿಂಗಿನ ಹುಡುಗನ ರಿಪೋರ್ಟನ್ನು ಪಕ್ಕದಲ್ಲಿಟ್ಟು ನೋಡಿದೆವು. ಅವನಿಗೂ ಮಗಳಿಗೂ ಸ್ವಭಾವದಲ್ಲಿ ಏನೇನೂ ಸಂಬಂಧವಿಲ್ಲ. ಆದರೂ ಪುಟಗಟ್ಟಲೆ ಅದೇ ಮಾತು, ಹೆಸರು ಮಾತ್ರ ಬೇರೆ.

ಸಿಟ್ಟಿಂಗ್ ಮಾತ್ರ ನಿಜಕ್ಕೂ ಚೆನ್ನಾಗಿತ್ತು.

ಒಳಗಿನ ಕೋಣೆಯಲ್ಲಿದ್ದ ಮೇಡಂ ಹಿಂದೆ ಜೂನಿಯರ್ ಕಾಲೇಜಿನಲ್ಲಿ ಪಾಠ ಮಾಡಿದವರು. ಫೋನ್ ಮಾಡಿದಾಗಲೇ ಒಂದು ಮಾತು ಹೇಳಿದ್ದರು: ಒಂಬತ್ತು, ಹತ್ತರ ನೋಟ್‌ಬುಕ್ ಎಲ್ಲ ತನ್ನಿ, ಮಾರ್ಕ್ಸ್ ಕಾರ್ಡ್ ಆಮೇಲೆ ನೋಡೋಣ. ನೋಟ್‌ಬುಕ್ ಒಂದೊಂದೇ ತಿರುವಿದರು. ಬಯಾಲಜಿ ಚಿತ್ರಗಳು ಅಚ್ಚುಕಟ್ಟಾಗಿದ್ದವು. ಅದನ್ನು ನೋಡಿ ನನ್ನ ಮನಸ್ಸಿನಲ್ಲಿ ಆಗಲೇ ಡಾಕ್ಟರು ಅಂತ ಬಂದುಬಿಟ್ಟಿತ್ತು. ಅವರು ಅಲ್ಲಿ ನಿಲ್ಲಲಿಲ್ಲ. ಗಣಿತದ ಪುಸ್ತಕದ ಕೊನೆಯ ಪುಟಗಳಿಗೆ ಹೋದರು. ಟೀಚರ್ ಕೊಡದ ಲೆಕ್ಕಗಳನ್ನು ಮಗಳು ಅಲ್ಲಿ ಪೆನ್ಸಿಲಿನಲ್ಲಿ ಮಾಡಿಟ್ಟಿದ್ದಳು, ತಪ್ಪಾದದ್ದನ್ನು ಹೊಡೆದು ಹಾಕಿ ಪಕ್ಕದಲ್ಲೇ ಮತ್ತೆ ಮಾಡಿದ್ದಳು. "ಬೇಟಾ, ಇದನ್ನು ಯಾರು ಮಾಡು ಅಂದರು?" ಅಂತ ಕೇಳಿದರು. ಯಾರೂ ಇಲ್ಲ ಮೇಡಂ, ಅಂದಳು. ಮುಂದಿನ ಅರ್ಧ ಗಂಟೆ ಅವರು ಮಾತಾಡಿದ್ದು ಅವಳ ಹತ್ತಿರ ಮಾತ್ರ. ನಾನು ನಡುವೆ ಬಾಯಿ ಹಾಕಿದಾಗ ಒಂದು ನಿಮಿಷ ಅಂತ ಕೈ ತೋರಿಸಿದರು. ಅದು ನನಗೆ ತುಂಬ ಹಿಡಿಸಿತು. ಮನೆಯಲ್ಲಿ ಅವಳ ಮಾತನ್ನು ಅಷ್ಟು ಹೊತ್ತು ಯಾರೂ ಕೇಳಿರಲಿಲ್ಲ. ಅತ್ತೆ, ಚಿಕ್ಕಪ್ಪ, ಪಕ್ಕದ ಮನೆಯವರು, ಎಲ್ಲರ ಹತ್ತಿರವೂ ಅವಳಿಗೆ ಕೊಡುವ ಉತ್ತರ ರೆಡಿ ಇತ್ತು.

ಬಯಾಲಜಿಯನ್ನೂ ಮ್ಯಾಥ್ಸನ್ನೂ ಎರಡೂ ಇಟ್ಟುಕೊಳ್ಳಲಿ, ಎರಡು ಬಾಗಿಲೂ ತೆರೆದಿರಲಿ ಅಂತ ನಮ್ಮವರೆಲ್ಲ ಹೇಳುತ್ತಾರೆ. ಡಾಕ್ಟರ್ ಆಗುವ ಆಸೆ ಅವಳಿಗೇ ಇದ್ದರೆ ಇಡಿ, ಇಲ್ಲದಿದ್ದರೆ ಆ ಹೊರೆ ಸುಮ್ನೆ ಯಾಕೆ ಅಂತ ಮೇಡಂ ಕೇಳಿದರು. ಬೈಫೋಕಲ್, ಅಂದರೆ ಹನ್ನೊಂದು ಹನ್ನೆರಡರಲ್ಲಿ ತಗೊಳ್ಳಬಹುದಾದ ವೃತ್ತಿ ವಿಷಯದ ಬಗ್ಗೆ ವಿವರಿಸಿದರು. ಕಂಪ್ಯೂಟರ್ ಸೈನ್ಸ್ ಬೈಫೋಕಲ್ 200 ಮಾರ್ಕಿನ ವಿಷಯ. ಅದನ್ನು ತಗೊಂಡರೆ ಎರಡನೇ ಭಾಷೆಯನ್ನೂ ಇನ್ನೊಂದು ವಿಷಯವನ್ನೂ ಬಿಡಬಹುದು. ಎಲ್ಲ ಕಾಲೇಜಿನಲ್ಲೂ ಇಲ್ಲ, ಸೀಟೂ ಕಮ್ಮಿ. ಮಗಳು ಕೊನೆಗೆ ಅದನ್ನೇ ಆರಿಸಿಕೊಂಡಳು.

ಮನೆಗೆಲಸ ಬೇರೆ ಕೊಟ್ಟರು. ಒಂದು ಶನಿವಾರ ಮುಂಬೈಯ ಮಾಟುಂಗಾಕ್ಕೆ ಹೋಗಿ ರೂಯಿಯಾ, ರೂಪಾರೆಲ್ ಕಾಲೇಜುಗಳ ಗೇಟಿನ ಹತ್ತಿರ ನಿಂತು ಮಕ್ಕಳನ್ನು ಮಾತಾಡಿಸಿ ಬಾ. ಹನ್ನೊಂದನೆಯವರನ್ನಲ್ಲ, ಹನ್ನೆರಡನೆಯವರನ್ನು ಕೇಳು. ಲೆಕ್ಚರ್ ನಿಜಕ್ಕೂ ನಡೆಯುತ್ತದಾ, ಪ್ರಾಕ್ಟಿಕಲ್ ಯಾರು ಮಾಡಿಸ್ತಾರೆ, ಕ್ಲಾಸ್ ಮುಗಿಸಿ ಮನೆಗೆ ಹೋಗುವಾಗ ಎಷ್ಟು ಗಂಟೆ, ಇಷ್ಟು ಕೇಳಿದರೆ ಸಾಕು. ಹೋದವಳು ಹತ್ತಿರದಲ್ಲೇ ಇರುವ ವಿಜೆಟಿಐ, ಐಸಿಟಿ ಎರಡನ್ನೂ ಹೊರಗಿನಿಂದ ನೋಡಿ ಬಂದಳು. ವಿಜೆಟಿಐ 1887ರದ್ದು, ಐಸಿಟಿ 1933ರದ್ದು. ಒಂದು ಎಂಜಿನಿಯರಿಂಗಿಗೆ, ಇನ್ನೊಂದು ಕೆಮಿಕಲ್ ಮತ್ತು ಫಾರ್ಮಸಿ ಕಡೆಗೆ ಹೆಸರಾದದ್ದು. ಅಲ್ಲಿಗೆ ಸೇರಬೇಕಾದರೆ ಎಷ್ಟು ಪರ್ಸೆಂಟೈಲ್ ಬೇಕು ಅಂತ ಆ ರಾತ್ರಿ ಅವಳೇ ಹುಡುಕಿದಳು. ಓದು ಓದು ಅಂತ ನಾವು ಎರಡು ವರ್ಷ ಹೇಳಿದ್ದಕ್ಕಿಂತ ಅದು ಜಾಸ್ತಿ ಕೆಲಸ ಮಾಡಿತು.

ಹನ್ನೊಂದರ ಅಡ್ಮಿಷನ್ ಮುಂಬೈ ಕಡೆ ಬಹಳ ವರ್ಷದಿಂದ ಆನ್‌ಲೈನ್. 2025ರಿಂದ ಇಡೀ ಮಹಾರಾಷ್ಟ್ರಕ್ಕೆ ಹಾಗೇ ಆಗಿದೆ. ಫಾರ್ಮಿನ ಎರಡನೇ ಭಾಗದಲ್ಲಿ ಹತ್ತು ಕಾಲೇಜಿನವರೆಗೆ ಹಾಕಬಹುದು. ಮೊದಲನೇ ಹೆಸರೇ ಸಿಕ್ಕಿತೋ, ಅದನ್ನು ತಗೊಳ್ಳಲೇಬೇಕು, ಇಲ್ಲದಿದ್ದರೆ ಮುಂದಿನ ರೌಂಡಿನಿಂದ ಹೊರಗೆ. ಅದಕ್ಕೆ ಮೇಡಂ ಪ್ರತಿ ಕಾಲೇಜಿನ ಪಕ್ಕ ಟ್ರೇನಿನ ಸಮಯ ಬರೆಸಿದರು. ನಾವಿರುವುದು ಡೊಂಬಿವಲಿಯಲ್ಲಿ. ಮಾಟುಂಗಾಕ್ಕೆ ಫಾಸ್ಟ್ ಗಾಡಿ ನಿಲ್ಲುವುದಿಲ್ಲ. ಬೆಳಿಗ್ಗೆ ಏಳಕ್ಕೆ ಲೆಕ್ಚರ್ ಅಂದರೆ ಮಗು ಏಳುವುದು ಎಷ್ಟಕ್ಕೆ, ಸಂಜೆ ಓದಲು ಎಷ್ಟು ಹೊತ್ತು ಉಳಿಯುತ್ತದೆ? ಹೀಗೆ ಲೆಕ್ಕ ಹಾಕಿದ ಮೇಲೆ ಪಟ್ಟಿಯ ಮೇಲಿದ್ದ ಎರಡು ದೊಡ್ಡ ಹೆಸರು ಕೆಳಗೆ ಹೋದವು, ಮುಲುಂಡಿನ ಕಾಲೇಜು ಮೇಲೆ ಬಂತು. ಇನ್ನೊಂದು, ಭಾಷಾ ಅಲ್ಪಸಂಖ್ಯಾತರ ಕೋಟಾ ಇರುವ ಕಾಲೇಜುಗಳಿವೆ. ಆ ಕಾಲೇಜು ಯಾವ ಭಾಷೆಯವರದ್ದು ಅಂತ ನೋಡಬೇಕು, ಕನ್ನಡದವರದ್ದಾದರೆ ನಮ್ಮ ಮಕ್ಕಳು ಆ ಕೋಟಾದಲ್ಲಿ ಅರ್ಜಿ ಹಾಕಬಹುದು. ನಮ್ಮವರಲ್ಲಿ ಎಷ್ಟೋ ಜನ ಇದನ್ನು ಕೇಳುವುದೇ ಇಲ್ಲ.

ಈಗ ಆಫೀಸಿನವರಿಗೆ ಗೊತ್ತಿಲ್ಲದ ವಿಷಯಕ್ಕೆ ಬರುತ್ತೇನೆ. ನನ್ನ ದೊಡ್ಡ ಅಸಮಾಧಾನ ಇದೇ.

ಮುಂಬೈ ಕನ್ನಡದವರ ಮನೆಗಳಲ್ಲಿ ಹತ್ತು ಮುಗಿದ ಕೂಡಲೇ ಬರುವ ಮಾತು ಯಾವುದು? ಊರಿಗೆ ಕಳಿಸೋಣ, ಮಂಗಳೂರೋ ಮೂಡುಬಿದಿರೆಯೋ, ಹಾಸ್ಟೆಲಿನಲ್ಲಿದ್ದು ಪಿಯುಸಿ ಮಾಡಲಿ, ಅಲ್ಲಿ ಓದಿಸ್ತಾರೆ. ನಮ್ಮ ಮನೆಯಲ್ಲೂ ಇದೇ ಬಂತು. ಇದಕ್ಕೆ ಮೇಡಂ ಹತ್ತಿರ ಅರ್ಧ ಉತ್ತರ, ಮಹಾರಾಷ್ಟ್ರದ ನಿಯಮದ್ದು ಮಾತ್ರ ಇತ್ತು. ಆ ಅರ್ಧವೂ ಬಹಳ ಮುಖ್ಯ: ಮಗುವಿಗೆ ಮೆಡಿಕಲ್ ಬೇಕಾದರೆ, ನೀಟ್ ಬರೆದ ಮೇಲೆ ಮಹಾರಾಷ್ಟ್ರದ 85 ಪರ್ಸೆಂಟ್ ರಾಜ್ಯ ಕೋಟಾಕ್ಕೆ ಡೊಮಿಸೈಲ್ (ಇಲ್ಲಿನ ನಿವಾಸಿ ಅನ್ನುವ ಸರ್ಟಿಫಿಕೇಟ್) ಜೊತೆಗೆ ಹತ್ತು ಮತ್ತು ಹನ್ನೆರಡು ಎರಡನ್ನೂ ಈ ರಾಜ್ಯದಲ್ಲೇ ಪಾಸು ಮಾಡಿರಬೇಕು. ಊರಿಗೆ ಹೋಗಿ ಪಿಯುಸಿ ಮಾಡಿದ ಮಗು ಸಾಮಾನ್ಯವಾಗಿ ಅದರಿಂದ ಹೊರಗೆ. ಎಂಜಿನಿಯರಿಂಗ್ ನಿಯಮ ಬೇರೆ, ಎರಡನ್ನೂ ಒಂದೇ ಅಂದುಕೊಳ್ಳಬೇಡಿ.

ಕರ್ನಾಟಕದ ಅರ್ಧವನ್ನು ನಾವು ಕನ್ನಡ ಸಂಘದ ಹಿರಿಯರೊಬ್ಬರಿಂದ ತಿಳಿದುಕೊಂಡೆವು, ಆಮೇಲೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಕೈಪಿಡಿಯನ್ನೇ ತೆಗೆದು ಓದಿದೆವು. ಅಲ್ಲಿ ಸರ್ಕಾರಿ ಸೀಟಿಗೆ ಸಾಮಾನ್ಯ ಷರತ್ತು ಕರ್ನಾಟಕದಲ್ಲಿ ಏಳು ವರ್ಷ ಓದಿರಬೇಕು ಅನ್ನುವುದು. ಇಲ್ಲಿ ಬೆಳೆದ ಮಕ್ಕಳಿಗೆ ಅದು ಆಗುವುದಿಲ್ಲ. ಆದರೆ ಎರಡು ದಾರಿ ಇವೆ. ಮಗು ಎರಡು ವರ್ಷದ ಪಿಯುಸಿಯನ್ನು ಕರ್ನಾಟಕದಲ್ಲಿ ಮಾಡಿ, ಅಪ್ಪ ಅಮ್ಮಂದಿರಲ್ಲಿ ಒಬ್ಬರು ಅಲ್ಲಿ ಏಳು ವರ್ಷ ಓದಿದ್ದರೆ ಅರ್ಹತೆ ಸಿಗುತ್ತದೆ. ನಿಮ್ಮ ಹಳೇ ಶಾಲೆಯ ದಾಖಲೆ ಈಗಲೇ ತರಿಸಿಡಿ. ಎರಡನೆಯದು ಹೊರನಾಡು, ಗಡಿನಾಡು ಕನ್ನಡಿಗರ ವಿಭಾಗ. ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಗಡಹಿಂಗ್ಲಜ ಕಡೆಯವರು ಗಡಿನಾಡಿನಲ್ಲಿ ಬರುತ್ತಾರೆ. ಮುಂಬೈ, ಪುಣೆಯಲ್ಲಿ ಬೆಳೆದ ನಮ್ಮ ಮಕ್ಕಳು ನೋಡಬೇಕಾದದ್ದು ಹೊರನಾಡು. ಇದಕ್ಕೆ ಕರ್ನಾಟಕದ ಪ್ರವೇಶ ಪರೀಕ್ಷೆ ಕೆಸಿಇಟಿ ಜೊತೆಗೆ ಪ್ರಾಧಿಕಾರವೇ ನಡೆಸುವ ಕನ್ನಡ ಭಾಷಾ ಪರೀಕ್ಷೆ ಬರೆಯಬೇಕು. ನಾಲ್ಕನೇ ತರಗತಿ ಮಟ್ಟದ್ದು, 50 ಮಾರ್ಕ್ಸ್, ಕನಿಷ್ಠ 12 ಬೇಕು. ಉಳಿದ ಷರತ್ತುಗಳನ್ನು ನಿಮ್ಮ ಮಗು ಬರೆಯುವ ವರ್ಷದ ಕೈಪಿಡಿಯಲ್ಲೇ ನೋಡಿ.

ಮನೆಯಲ್ಲಿ ಕನ್ನಡ ಮಾತಾಡುವ ಮಕ್ಕಳಿಗೂ ಓದು ಬರಹ ಬರುವುದಿಲ್ಲ, ಇದು ನಮ್ಮೆಲ್ಲರ ಮನೆಯ ಸಂಗತಿ. ಮಗಳಿಗೆ ಅವಳ ಅಜ್ಜಿ ಚಿಕ್ಕಂದಿನಲ್ಲೇ ಅಕ್ಷರ ಕಲಿಸಿದ್ದರು, ಒತ್ತಕ್ಷರ ಮಾತ್ರ ಮತ್ತೆ ಮಾಡಿಸಬೇಕಾಯಿತು. ಬೆಂಗಳೂರಿಗೆ ಹೋಗಿ ಬರೆದು ಪಾಸಾದಳು. ಹತ್ತನೇ ಕ್ಲಾಸಿನಲ್ಲೇ ಶುರು ಮಾಡಿದರೆ ಯಾವ ಮಗುವಿಗೂ ಇದು ಕಷ್ಟವಲ್ಲ. 28,000 ರೂಪಾಯಿಯ ಪ್ಯಾಕೇಜಿನಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ ಅನ್ನುವುದು ನನಗೆ ಇವತ್ತಿಗೂ ಬೇಜಾರು. ಮುಂಬೈ ಸುತ್ತಮುತ್ತ ಇಷ್ಟೊಂದು ಕನ್ನಡದ ಮನೆಗಳಿವೆ.

ಮಹಾರಾಷ್ಟ್ರದ ಎಂಎಚ್‌ಟಿ-ಸಿಇಟಿ, ಕರ್ನಾಟಕದ ಕೆಸಿಇಟಿ, ಈ ಎರಡು ಪ್ರವೇಶ ಪರೀಕ್ಷೆಗೂ ತಯಾರಿ ಮಾಡುವುದಾದರೆ ವ್ಯತ್ಯಾಸ ತಿಳಿದಿರಲಿ. ಎಂಎಚ್‌ಟಿ-ಸಿಇಟಿಯಲ್ಲಿ ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್) ಗುಂಪಿಗೆ 200 ಮಾರ್ಕ್ಸ್. ಮ್ಯಾಥ್ಸಿನ 50 ಪ್ರಶ್ನೆಗೆ ತಲಾ ಎರಡು ಮಾರ್ಕ್ಸ್, ಫಿಸಿಕ್ಸ್ ಕೆಮಿಸ್ಟ್ರಿಯ ಪ್ರಶ್ನೆಗೆ ತಲಾ ಒಂದು. ನೆಗೆಟಿವ್ ಇಲ್ಲ. ಹನ್ನೊಂದರ ಸಿಲಬಸ್ಸಿಗೆ ಸುಮಾರು 20 ಪರ್ಸೆಂಟ್ ಪಾಲಿದೆ. ಇಲ್ಲಿ ಎಂಜಿನಿಯರಿಂಗಿಗೆ ಬೋರ್ಡಿನ ಮಾರ್ಕ್ಸ್ ಬರೀ ಅರ್ಹತೆಗೆ, ಜನರಲ್‌ನವರಿಗೆ 45 ಪರ್ಸೆಂಟ್ ಇದ್ದರೆ ಸಾಕು. ಕೆಸಿಇಟಿಯಲ್ಲಿ ಹಾಗಲ್ಲ. ಎಂಜಿನಿಯರಿಂಗ್ ರ‍್ಯಾಂಕಿಗೆ ಹನ್ನೆರಡರ ಮಾರ್ಕ್ಸ್ ಅರ್ಧ, ಸಿಇಟಿ ಅರ್ಧ. ಬೋರ್ಡ್ ಪರೀಕ್ಷೆಯಲ್ಲಿ ನಿಧಾನವಾಗಿ ಚೆನ್ನಾಗಿ ಬರೆಯುವ ಮಗುವಿಗೆ ಇದು ಒಳ್ಳೆಯ ದಾರಿ.

ಹನ್ನೆರಡರ ಸಿಟ್ಟಿಂಗಿನಲ್ಲಿ ಮೇಡಂ ಹೆಚ್ಚು ಹೊತ್ತು ಕೊಟ್ಟಿದ್ದು ಎರಡಕ್ಕೆ. ಒಂದು ಕ್ಯಾಪ್ ರೌಂಡಿಗೆ, ಅಂದರೆ ಸರ್ಕಾರದ ಕೇಂದ್ರೀಕೃತ ಸೀಟು ಹಂಚಿಕೆಗೆ, ಹಾಕುವ ಕಾಲೇಜುಗಳ ಪಟ್ಟಿ. 2025ರ ಎಂಜಿನಿಯರಿಂಗ್ ಅಡ್ಮಿಷನ್ನಿನಲ್ಲಿ ಮೊದಲ ರೌಂಡಿನಲ್ಲಿ ಮೊದಲ ಆಯ್ಕೆ ಸಿಕ್ಕರೆ ತಾನಾಗಿ ಫ್ರೀಜ್ (ಅದೇ ಗಟ್ಟಿ, ಮುಂದಿನ ರೌಂಡ್ ಇಲ್ಲ), ಎರಡನೇ ರೌಂಡಿನಲ್ಲಿ ಮೊದಲ ಮೂರರಲ್ಲಿ ಯಾವುದು ಸಿಕ್ಕರೂ ಫ್ರೀಜ್, ಮೂರನೆಯದರಲ್ಲಿ ಮೊದಲ ಆರು. ಸುಮ್ನೆ ಯಾರೋ ಹೇಳಿದರು ಅಂತ ಮೇಲೆ ಒಂದು ಹೆಸರು ಹಾಕಿದರೆ ಅದೇ ಗಂಟು ಬೀಳುತ್ತದೆ. ಪಟ್ಟಿ ಮಾಡುವಾಗ ಅವರು ಪ್ರತಿ ಹೆಸರಿಗೂ ಮಗಳನ್ನು ಕೇಳಿದರು: ಇದು ಮಾತ್ರ ಸಿಕ್ಕರೆ ಹೋಗ್ತೀಯಾ? ಇಲ್ಲ ಅಂದದ್ದನ್ನೆಲ್ಲ ತೆಗೆಸಿದರು. ಅವಳಿಗೆ ಎರಡನೇ ರೌಂಡಿನಲ್ಲಿ ನವೀ ಮುಂಬೈಯಲ್ಲಿ ಸೀಟಾಯಿತು, ಬೇಕೆಂದ ಬ್ರಾಂಚೇ. ಕರ್ನಾಟಕದ ಸೀಟಿಗೆ ಹೋಗುವ ಅಗತ್ಯ ಬರಲಿಲ್ಲ. ಆದರೆ ಅದೂ ಕೈಯಲ್ಲಿತ್ತು ಅಂತ ಅವಳು ಆ ತಿಂಗಳು ನೆಮ್ಮದಿಯಾಗಿ ನಿದ್ದೆ ಮಾಡಿದಳು.

ಮೇಡಂ ಹೆಚ್ಚು ಹೊತ್ತು ಕೊಟ್ಟ ಎರಡನೇ ವಿಷಯ ಕಾಗದಪತ್ರ. ಡೊಮಿಸೈಲ್, ಆದಾಯದ ಸರ್ಟಿಫಿಕೇಟ್, ಜಾತಿ ಸರ್ಟಿಫಿಕೇಟ್, ಅದನ್ನು ಪರಿಶೀಲಿಸಿ ಕೊಡುವ ವ್ಯಾಲಿಡಿಟಿ, ನಾನ್ ಕ್ರೀಮಿಲೇಯರ್. ಹನ್ನೊಂದರಲ್ಲೇ ಸೇತು ಕೇಂದ್ರಕ್ಕೆ (ಸರ್ಟಿಫಿಕೇಟಿಗೆ ಅರ್ಜಿ ಹಾಕುವ ಜಾಗ) ಹೋಗಿ ಅಂದರು. ವ್ಯಾಲಿಡಿಟಿಗೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಊರಿನಿಂದ ತಂದ ಕರ್ನಾಟಕದ ಒಬಿಸಿ ಸರ್ಟಿಫಿಕೇಟ್ ಇಲ್ಲಿನ ಮೀಸಲಾತಿಗೆ ನಡೆಯುವುದಿಲ್ಲ. ಅವತ್ತು ಹೊರಗೆ ವಿಜಯಪುರ ಕಡೆಯ ಒಂದು ಕುಟುಂಬ ಕೂತಿತ್ತು, ತಂದೆ ಥಾಣೆ ಪಕ್ಕದ ಕಳವಾ ಅನ್ನುವ ಊರಿನಲ್ಲಿ ಸಣ್ಣ ಕೆಲಸ ಮಾಡುವವರು. ಇಬ್ಬರು ಹೆಣ್ಣುಮಕ್ಕಳು, ಫೀಸಿನದ್ದೇ ಚಿಂತೆ. ಮೇಡಂ ಅವರನ್ನು ಕರೆದು, ಮಹಾರಾಷ್ಟ್ರ ಸರ್ಕಾರ 2024ರ ಜುಲೈಯಲ್ಲಿ ಹೊರಡಿಸಿದ ಆದೇಶದ ಬಗ್ಗೆ ದುಡ್ಡು ತಗೊಳ್ಳದೆ ಹೇಳಿದರು: ವರ್ಷಕ್ಕೆ 8 ಲಕ್ಷದವರೆಗೆ ಆದಾಯವಿರುವ ಒಬಿಸಿ, ಎಸ್‌ಇಬಿಸಿ, ಇಡಬ್ಲ್ಯೂಎಸ್ (ಹಿಂದುಳಿದ ವರ್ಗ, ಆರ್ಥಿಕವಾಗಿ ದುರ್ಬಲ ವರ್ಗಗಳ) ಹೆಣ್ಣುಮಕ್ಕಳಿಗೆ ವೃತ್ತಿಪರ ಕೋರ್ಸುಗಳ ಟ್ಯೂಷನ್ ಮತ್ತು ಪರೀಕ್ಷಾ ಶುಲ್ಕ ಪೂರ್ತಿ ಮಾಫಿ, ಆದರೆ ಸೀಟು ಕ್ಯಾಪ್ ಮೂಲಕ ಆಗಿರಬೇಕು, ಮ್ಯಾನೇಜ್‌ಮೆಂಟ್ ಕೋಟಾಕ್ಕೆ ಇಲ್ಲ. ಅದಕ್ಕಾಗಿ ಆ ಮೇಡಂ ಮೇಲೆ ನನಗೆ ಬಹಳ ಗೌರವ.

ಇಷ್ಟು ಒಳ್ಳೆಯವರು ಕೂತಿರುವ ಆಫೀಸಿನಲ್ಲೇ ಹೊರಗಿನ ಕೌಂಟರ್ ಬೇರೆ ಥರ ನಡೆಯುತ್ತದೆ. ಸಿಟ್ಟಿಂಗ್ ಮುಗಿದ ಮೇಲೆ ಒಂದು ಇಂಟಿಗ್ರೇಟೆಡ್ ಕ್ಲಾಸಿನವರ ಫೋನ್ ಶುರುವಾಯಿತು. ಹೆಸರು ಒಂದು ಕಾಲೇಜಿನಲ್ಲಿರುತ್ತದೆ, ಪಾಠ ಕ್ಲಾಸಿನಲ್ಲಿ, ಕಾಲೇಜಿಗೆ ಪ್ರಾಕ್ಟಿಕಲ್ಲಿಗೆ ಮಾತ್ರ ಹೋದರೆ ಸಾಕು ಅನ್ನುತ್ತಾರೆ. ನಮ್ಮ ನಂಬರ್ ಅವರಿಗೆ ಕೊಟ್ಟವರು ಕೌಂಟರಿನವರೇ, ಕೇಳಿದಾಗ ಒಪ್ಪಿಕೊಂಡರು. ಮಕ್ಕಳ ವಿಷಯದಲ್ಲಿ ಹೀಗೆ ಮಾಡಬಾರದು. ಫಾರ್ಮಿನಲ್ಲಿ ಮೊಬೈಲ್ ನಂಬರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಒಪ್ಪಿಗೆಯ ಸಾಲಿದೆ, ಅದಕ್ಕೆ ಟಿಕ್ ಹಾಕಬೇಡಿ.

ಸಿಟ್ಟಿಂಗಿಗೆ ಹೋಗುವುದಾದರೆ ಡಿಸೆಂಬರ್, ಜನವರಿಯಲ್ಲಿ ಹೋಗಿ. ರಿಸಲ್ಟ್ ಬಂದ ಮೇಲೆ ಗಂಟೆಯ ಜಾಗದಲ್ಲಿ ಇಪ್ಪತ್ತು ನಿಮಿಷ ಸಿಗುತ್ತದೆ, ರೇಟ್ ಅದೇ. ಒಳಗಿನ ಕೋಣೆಯ ಮೇಡಮ್ಮೇ ಬೇಕು ಅಂತ ಫೋನಿನಲ್ಲೇ ಹೇಳಿ, ಇಲ್ಲದಿದ್ದರೆ ಹೊಸಬರ ಮುಂದೆ ಕೂರಿಸುತ್ತಾರೆ. ಮಾತು ಮರಾಠಿ, ಹಿಂದಿ, ಇಂಗ್ಲಿಷ್. ನೋಟ್‌ಬುಕ್ ಎಲ್ಲ ತಗೊಂಡು ಹೋಗಿ, ಹಿಂದಿನ ಪುಟ ಹರಿದಿದ್ದರೂ ಪರವಾಗಿಲ್ಲ.