ನನ್ನ ವಿಲ್ಲಿ ಮೇಸ್ ಕಾರ್ಡು ಕಾಲಿಂಚು ಕಮ್ಮಿ ಇತ್ತು

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದಲ್ಲಿ ಜೈಂಟ್ಸ್ ಬೇಸ್‌ಬಾಲ್ ತಂಡದ ಹುಚ್ಚು ಹಿಡಿಸಿಕೊಂಡ ಕನ್ನಡಿಗ ನಾನೊಬ್ಬನೇ ಅಲ್ಲ, ಆಟಗಾರರ ಚಿತ್ರವಿರುವ ಹಳೆಯ ಕಾರ್ಡು ಹುಡುಕಿಕೊಂಡು ಭಾನುವಾರ ಅಲೆಯುವವನೂ ನಾನೊಬ್ಬನೇ ಅಲ್ಲ. ಅದಕ್ಕೇ ನಾಚಿಕೆ ಬದಿಗಿಟ್ಟು ಇದನ್ನು ಬರೆಯುತ್ತಿದ್ದೇನೆ. 2024ರ ಜುಲೈಯಲ್ಲಿ 1,400 ಡಾಲರ್ ಕೊಟ್ಟು ಜೈಂಟ್ಸ್‌ನ ದಂತಕಥೆ ವಿಲ್ಲಿ ಮೇಸ್ ಅವರ, ಟಾಪ್ಸ್ ಕಂಪನಿ 1952ರಲ್ಲಿ ಅಚ್ಚು ಹಾಕಿದ ಕಾರ್ಡು ಅಂತ ಒಂದನ್ನು ಮನೆಗೆ ತಂದೆ. ಅದು 1983ರಲ್ಲಿ ಅಚ್ಚಾದದ್ದು. ಅಸಲಿ ಬೆಲೆ, ಒಂದು ಹೊತ್ತು ಹೋಟೆಲಿನಲ್ಲಿ ಉಂಡರೆ ಆಗುವಷ್ಟು.

ನಾನು ಇಲ್ಲಿಗೆ ಬಂದದ್ದು 2010ರಲ್ಲಿ. ಶಿವಮೊಗ್ಗದಲ್ಲಿ ಕ್ರಿಕೆಟ್ ಬಿಟ್ಟು ಇನ್ನೊಂದು ಆಟ ಇದೆ ಅಂತಲೇ ಗೊತ್ತಿಲ್ಲದೆ ಬೆಳೆದವನಿಗೆ, ಹೊಡೆದ ತಕ್ಷಣ ಬ್ಯಾಟು ಬಿಸಾಕಿ ಓಡುವ ಈ ಆಟ ಮೊದಲು ತಮಾಷೆಯಾಗಿ ಕಂಡಿತ್ತು. ಆ ವರ್ಷವೇ ಜೈಂಟ್ಸ್ ವರ್ಲ್ಡ್ ಸೀರೀಸ್, ಅಂದರೆ ಇಲ್ಲಿನ ಬೇಸ್‌ಬಾಲಿನ ಫೈನಲ್ ಸರಣಿ, ಗೆದ್ದಿತು. 1958ರಲ್ಲಿ ನ್ಯೂಯಾರ್ಕ್ ಬಿಟ್ಟು ಸ್ಯಾನ್ ಫ್ರಾನ್ಸಿಸ್ಕೋಗೆ ಬಂದ ಮೇಲೆ ಅದೇ ಮೊದಲ ಗೆಲುವು. ಮೆರವಣಿಗೆಯ ದಿನ ಆಫೀಸು ಖಾಲಿ. 2012, 2014ರಲ್ಲಿ ಮತ್ತೆ ಗೆಲ್ಲುವ ಹೊತ್ತಿಗೆ ನನ್ನ ಬೀರುವಿನಲ್ಲಿ ಕಿತ್ತಳೆ-ಕಪ್ಪು ಬಟ್ಟೆಗಳದ್ದೇ ಒಂದು ಅಡ್ಡೆ ಆಗಿತ್ತು.

ಕಾರ್ಡಿನ ಚಟ ಅದಕ್ಕಿಂತ ಹಳೆಯದು ಅನ್ನಬೇಕು. ಚಿಕ್ಕವನಿದ್ದಾಗ ಬಿಗ್ ಫನ್ ಬಬಲ್‌ಗಮ್ ಜೊತೆ ಕ್ರಿಕೆಟಿಗರ ಚಿತ್ರ ಬರುತ್ತಿದ್ದದ್ದು ನನ್ನ ವಯಸ್ಸಿನವರಿಗೆ ನೆನಪಿರುತ್ತದೆ. ಟಾಪ್ಸ್‌ನವರೂ ಮೂಲದಲ್ಲಿ ಬ್ರೂಕ್ಲಿನ್ನಿನ ಗಮ್ ಕಂಪನಿಯವರೇ. ಹಾಗಾಗಿ ಮೊದಲ ಸಲ ಹಳೆಯ ಕಾರ್ಡೊಂದರ ಬೆನ್ನಲ್ಲಿ ಗಮ್ಮಿನ ಕಲೆ ಕಂಡಾಗ ನನಗೆ ಅಪರಿಚಿತ ಅನಿಸಲೇ ಇಲ್ಲ.

ಇನ್ನು ಮೇಸ್. ಕ್ರೀಡಾಂಗಣದ ವಿಳಾಸವೇ 24, ವಿಲ್ಲಿ ಮೇಸ್ ಪ್ಲಾಜಾ. ಅವರ ಅಂಗಿ ನಂಬರು 24, ಪ್ರತಿಮೆಯ ಸುತ್ತ 24 ತಾಳೆ ಮರಗಳು. 660 ಹೋಮ್ ರನ್, ಅಂದರೆ ನಮ್ಮ ಸಿಕ್ಸರಿನಂಥ ಹೊಡೆತ. 1954ರ ವರ್ಲ್ಡ್ ಸೀರೀಸಿನಲ್ಲಿ ಬೆನ್ನು ತಿರುಗಿಸಿಕೊಂಡು ಓಡುತ್ತಲೇ ಹಿಡಿದ ಆ ಕ್ಯಾಚಿನ ವಿಡಿಯೋ ನೋಡಿದರೆ ನಮ್ಮ 1983ರ ಕಪಿಲ್ ದೇವ್ ನೆನಪಾಗದೆ ಇರುವುದಿಲ್ಲ. 2024ರ ಜೂನ್ 18ರಂದು ಮೇಸ್ ತೀರಿಕೊಂಡರು. ಎರಡು ದಿನ ಬಿಟ್ಟು, ಅವರು ಹುಡುಗನಾಗಿ ಆಡಿ ಬೆಳೆದ ಬರ್ಮಿಂಗ್‌ಹ್ಯಾಮಿನ ರಿಕ್‌ವುಡ್ ಮೈದಾನದಲ್ಲಿ ಜೈಂಟ್ಸ್ ಪಂದ್ಯ. ಅದನ್ನು ನೋಡುತ್ತಾ ಕೂತವನಿಗೆ ಅನಿಸಿತು, ಮೇಸ್ ಅವರದ್ದೊಂದು ಹಳೆಯ ಕಾರ್ಡು ಮನೆಯಲ್ಲಿರಬೇಕು ಅಂತ. ದೊಡ್ಡ ಆಟಗಾರ ತೀರಿಕೊಂಡ ವಾರಗಳಲ್ಲಿ ಏನನ್ನೂ ಕೊಳ್ಳಬೇಡಿ ಅನ್ನುವುದು ಈಗ ನನ್ನ ಬಾಯಿಪಾಠ. ಆಗ ಬೆಲೆಯೂ ಏರಿರುತ್ತದೆ, ಕೊಳ್ಳುವವನ ಕಣ್ಣೂ ಮಂಜಾಗಿರುತ್ತದೆ. ಇದು ಮಾರುವವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಸೌತ್ ಬೇಯ ಒಂದು ಹಾಲ್‌ನಲ್ಲಿ ಕಾರ್ಡ್ ಶೋ, ಅಂದರೆ ಹಳೆಯ ಕಾರ್ಡು ಮಾರುವ ಸಂತೆ, ಇತ್ತು. ನನಗೆ ಮಾರಿದವನು ಅಲ್ಲಿ ಮೇಜು ಹಾಕಿದವನಲ್ಲ. ನಾನು ಒಂದು ಮೇಜಿನವನ ಹತ್ತಿರ ಮೇಸ್ ಬಗ್ಗೆ ವಿಚಾರಿಸುತ್ತಿದ್ದದ್ದನ್ನು ಕೇಳಿಸಿಕೊಂಡು, ಬಾಗಿಲ ಹತ್ತಿರ ಬಂದು ಮಾತಾಡಿಸಿದ. ನಲವತ್ತರ ಆಸುಪಾಸು, ಮೃದು ಮಾತು, ಮಾಸಿದ ಜೈಂಟ್ಸ್ ಟೋಪಿ. ಕಾರಿನಲ್ಲಿ ತನ್ನ ಅಜ್ಜನ ಕಾರ್ಡೊಂದಿದೆ, ಅಮ್ಮನ ಆಸ್ಪತ್ರೆ ಖರ್ಚಿಗೆ ಮಾರುತ್ತಿದ್ದೇನೆ, ಡೀಲರುಗಳಿಗೆ ಕೊಡಲು ಮನಸ್ಸಿಲ್ಲ, ನಿಜವಾದ ಅಭಿಮಾನಿಗೆ ಸಿಗಲಿ ಅಂದ. ಪಾರ್ಕಿಂಗ್ ಜಾಗಕ್ಕೆ ಹೋದೆವು.

ಕಾರ್ಡು ನಾಲ್ಕು ಮೂಲೆಗೂ ಸ್ಕ್ರೂ ಬಿಗಿದ ದಪ್ಪ ಪಾರದರ್ಶಕ ಡಬ್ಬಿಯಲ್ಲಿತ್ತು. ಮೂಲೆಗಳು ಸವೆದಿದ್ದವು, ಬಣ್ಣ ತುಸು ಹಳದಿ. ಡಬ್ಬಿಯ ಬೆನ್ನಿಗೆ ಹಳೆಯ ಚೀಟಿಯೊಂದನ್ನು ಅಂಟಿಸಿದ್ದ, ಮಸಿ ಪೆನ್ನಿನ ಬರಹ. ಅಜ್ಜನ ಕೈಬರಹವಂತೆ. ಸ್ಯಾನ್ ಫ್ರಾನ್ಸಿಸ್ಕೋದ ಸೀಲ್ಸ್ ಸ್ಟೇಡಿಯಮ್ಮಿನಲ್ಲಿ ಮೇಸ್ ಆಟ ನೋಡಿ ಬಂದ ದಿನವೇ ಬೀದಿ ಕೊನೆಯ ಅಂಗಡಿಯಲ್ಲಿ ಗಮ್ ಕೊಂಡಾಗ ಈ ಕಾರ್ಡು ಸಿಕ್ಕಿತಂತೆ, 1952ರಲ್ಲಿ. ಓದಿ ನನ್ನ ಗಂಟಲು ಕಟ್ಟಿತು. ಹೌದು, ನಿಜವಾಗಿ ಕಟ್ಟಿತು.

ಹದಿನಾಲ್ಕು ವರ್ಷ ತಂಡವನ್ನು ಹಿಂಬಾಲಿಸಿದ ನನಗೆ ಅಲ್ಲೇ ಹೊಳೆಯಬೇಕಿತ್ತು. 1952ರಲ್ಲಿ ಜೈಂಟ್ಸ್ ಇದ್ದದ್ದು ನ್ಯೂಯಾರ್ಕಿನಲ್ಲಿ. ಸೀಲ್ಸ್ ಸ್ಟೇಡಿಯಮ್ಮಿನಲ್ಲಿ ಅವರು ಆಡಿದ್ದು 1958, 1959 ಎರಡೇ ವರ್ಷ. ಸಾಲದ್ದಕ್ಕೆ 1952ರಲ್ಲಿ ಮೇಸ್ ಆಡಿದ್ದು ಬರೀ 34 ಪಂದ್ಯ, ಆಮೇಲೆ ಸೈನ್ಯಕ್ಕೆ ಕರೆ ಬಂದು ಹೊರಟರು. ಇದೆಲ್ಲ ನನಗೆ ಗೊತ್ತಿತ್ತು. ಕ್ವಿಜ್ ಇಟ್ಟಿದ್ದರೆ ಬಹುಮಾನ ತರುತ್ತಿದ್ದೆ. ಆದರೆ ಅವನು ಕಥೆ ಹೇಳುವಾಗ ನಾನು ಅಭಿಮಾನಿಯಾಗಿ ಕೇಳಿದೆನೇ ಹೊರತು ಗಿರಾಕಿಯಾಗಿ ಕೇಳಲಿಲ್ಲ.

2,200 ಅಂದ. 1,400ಕ್ಕೆ ಇಳಿಸಿದೆ, ಚೌಕಾಸಿಯಲ್ಲಿ ಗೆದ್ದೆ ಅಂದುಕೊಂಡೆ. ಡಬ್ಬಿ ಬಿಚ್ಚಿ ತೋರಿಸು ಅಂದದ್ದಕ್ಕೆ, ಬಿಚ್ಚಿದರೆ ಅಂಚು ಮುರಿದು ಬೆಲೆ ಬಿದ್ದು ಹೋಗುತ್ತದೆ, ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ ಅಂದ. ದುಡ್ಡು ಬ್ಯಾಂಕಿನಿಂದ ಬ್ಯಾಂಕಿಗೆ ನೇರ ಕಳಿಸಿದೆ, ಊರಲ್ಲಿ ಫೋನ್‌ಪೇ ಮಾಡಿದ ಹಾಗೆ. ಈ ವ್ಯಕ್ತಿ ನಿಮಗೆ ಪರಿಚಯವೇ ಅಂತ ಆ್ಯಪ್ ಕೇಳಿತು. ಹೌದು ಅಂತ ಒತ್ತಿದೆ.

ಮನೆಗೆ ತಂದಾಗ ನನ್ನ ಹೆಂಡತಿ, "ರೀ, ಈ ರಟ್ಟಿನ ತುಂಡಿಗೆ ಎಷ್ಟು ಕೊಟ್ರಿ?" ಅಂದಳು. ನಾನೂರು ಅಂದೆ. (ನಿಜ ಹೇಳಿದ್ದು ಮೂರು ವಾರದ ಮೇಲೆ. ಆ ಸಂಜೆಯ ಬಗ್ಗೆ ಇಲ್ಲಿ ಬೇಡ.) ಒಂಬತ್ತು ವರ್ಷದ ಮಗಳು ಇತ್ತೀಚಿನ ವರ್ಷಗಳ ಜೈಂಟ್ಸ್ ಆಟಗಾರ ಬಸ್ಟರ್ ಪೋಸಿಯ ತನ್ನ ಕಾರ್ಡು ತಂದು ಡಬ್ಬಿಯ ಮೇಲಿಟ್ಟು, "ಅಪ್ಪಾ, ಎರಡೂ ಒಂದೇ ಸೈಜ್ ಇದೆ" ಅಂದಳು. "ಎಲ್ಲಾ ಕಾರ್ಡೂ ಒಂದೇ ಸೈಜೇ ಪುಟ್ಟಿ" ಅಂದು ತಲೆ ಸವರಿದೆ.

ಎಲ್ಲಾ ಕಾರ್ಡೂ ಒಂದೇ ಸೈಜಲ್ಲ. ಟಾಪ್ಸ್ ಕಾರ್ಡು ಇವತ್ತಿನ ಅಳತೆಗೆ, ಅಂದರೆ ಎರಡೂವರೆ ಇಂಚು ಅಗಲ ಮೂರೂವರೆ ಇಂಚು ಉದ್ದಕ್ಕೆ, ಬಂದದ್ದು 1957ರಲ್ಲಿ. 1952ರಿಂದ 1956ರವರೆಗಿನವು ಇನ್ನೂ ದೊಡ್ಡವು: ಅಗಲ ಎರಡು ಇಂಚು ಮತ್ತು ಎಂಟರಲ್ಲಿ ಐದು ಭಾಗ, ಉದ್ದ ಮೂರೂಮುಕ್ಕಾಲು ಇಂಚು. ಉದ್ದದಲ್ಲೇ ಕಾಲಿಂಚು ವ್ಯತ್ಯಾಸ, ಬರಿಗಣ್ಣಿಗೆ ಕಾಣುವಷ್ಟು. ಇದನ್ನು ನಾನು ಓದಿದ್ದು ಹತ್ತು ದಿನದ ಮೇಲೆ, ರಾತ್ರಿ ಹನ್ನೊಂದಕ್ಕೆ, ಬೇರೇನನ್ನೋ ಹುಡುಕುವಾಗ. ಮಗಳ ಶಾಲೆ ಬ್ಯಾಗಿನಿಂದ ಸ್ಕೇಲು ತೆಗೆದು ಅಳೆದೆ. ಮೂರೂವರೆ. ಸ್ಕ್ರೂ ಡ್ರೈವರ್ ತಂದು ಬಿಚ್ಚಿ ಅಳೆದೆ. ಆಗಲೂ ಮೂರೂವರೆಯೇ.

ಟಾಪ್ಸ್ ಕಂಪನಿಯೇ 1983ರಲ್ಲಿ ತನ್ನ 1952ರ ಸೆಟ್ಟನ್ನು ಮರುಮುದ್ರಿಸಿತ್ತು, ಹೊಸ ಅಳತೆಯಲ್ಲಿ. ಅದರಲ್ಲಿ ಮೋಸವೇನಿಲ್ಲ, ಬೆನ್ನ ಮೇಲೆ ರೀಪ್ರಿಂಟ್ ಅಂತ ಅಚ್ಚು ಹಾಕಿದ್ದರು. ಯಾರೋ ಆ ಅಕ್ಷರಗಳನ್ನು ಉಜ್ಜಿ ತೆಗೆದಿದ್ದರು. ಚೀಟಿ ಅಂಟಿಸಿದ್ದು ಸರಿಯಾಗಿ ಆ ಜಾಗದ ಮೇಲೆ.

ಮಾರನೆಯ ದಿನ, ಇಪ್ಪತ್ತು ಮೈಲಿ ದೂರದಲ್ಲಿ ಕಾರ್ಡಿನ ಅಂಗಡಿ ಇಟ್ಟಿರುವ ಮುದುಕರೊಬ್ಬರ ಹತ್ತಿರ ಒಯ್ದೆ. ಅವರು ಕಾರ್ಡನ್ನು ಕೈಗೆ ತೆಗೆದುಕೊಳ್ಳುವ ಮೊದಲೇ ಡಬ್ಬಿ ನೋಡಿ ನಕ್ಕರು. ಇದು ಈಗಿನ ಅಳತೆಯ ಕಾರ್ಡಿಗೆ ಮಾಡಿದ ಡಬ್ಬಿ, ನಿಜವಾದ 52 ಇದರ ಗುಳಿಯಲ್ಲಿ ಕೂರುವುದೇ ಇಲ್ಲ ಅಂದರು. ಆಮೇಲೆ ಹತ್ತು ಪಟ್ಟಿನ ಭೂತಗನ್ನಡಿ ಕೊಟ್ಟು ಮೇಸ್ ಹೆಸರಿನ ಅಕ್ಷರಗಳನ್ನು ನೋಡಿಸಿದರು. ಕಪ್ಪು ಅಕ್ಷರದೊಳಗೆಲ್ಲ ಸಣ್ಣ ಸಣ್ಣ ಚುಕ್ಕಿ. ಪಕ್ಕದಲ್ಲೇ ತಮ್ಮ ಹತ್ತಿರವಿದ್ದ ಅಸಲಿ ಇಟ್ಟರು: ಅಕ್ಷರ, ಗೆರೆ ಎಲ್ಲ ಒಂದೇ ಮಸಿ, ತುಂಬಿಕೊಂಡ ಹಾಗೆ. ಮುದ್ರಿತ ಕಾರ್ಡಿನ ಫೋಟೋ ತೆಗೆದು ಮತ್ತೆ ಅಚ್ಚು ಹಾಕಿದರೆ ಅಕ್ಷರಕ್ಕೂ ಚುಕ್ಕಿ ಬಂದುಬಿಡುತ್ತದಂತೆ. ಅಲ್ಟ್ರಾವಯಲೆಟ್ ದೀಪದ ಕೆಳಗೆ ನನ್ನದು ತೊಳೆದ ಬನಿಯನ್ನಿನ ಹಾಗೆ ನೀಲಿಬಿಳುಪಾಗಿ ಹೊಳೆಯಿತು, ಅವರದ್ದು ಮಂಕಾಗಿ ಉಳಿಯಿತು. ಹಳದಿ ಬಣ್ಣಕ್ಕೆ ಕಾರಣ ಚಹಾ ಡಿಕಾಕ್ಷನ್ ಇರಬೇಕು ಅಂದರು. ಎಲ್ಲ ಸೇರಿ ಎರಡು ನಿಮಿಷ. ಒಂದು ಕಾಸೂ ತೆಗೆದುಕೊಳ್ಳಲಿಲ್ಲ. ನಾನು ಕೊಳ್ಳುವ ಮೊದಲು ಅವರ ಅಂಗಡಿಯೂ ಅಲ್ಲೇ ಇತ್ತು, ಭೂತಗನ್ನಡಿಯೂ ಇತ್ತು.

ದುಡ್ಡಿನ ಕಥೆ ಚಿಕ್ಕದು. ನೀವೇ ಕಳಿಸಿದ್ದೀರಿ, ನಮ್ಮಿಂದ ಏನೂ ಆಗುವುದಿಲ್ಲ ಅಂತು ಬ್ಯಾಂಕು. ಖಾತೆ ಬೇರೆ ಯಾರದ್ದೋ ಹೆಸರಿನಲ್ಲಿತ್ತು, ಫೋನ್ ನಂಬರು ಸತ್ತಿತ್ತು. ಪೊಲೀಸರು ದೂರು ಬರೆದುಕೊಂಡು ಒಂದು ನಂಬರು ಕೊಟ್ಟರು. ಈಗಲೂ ನನ್ನ ಹತ್ತಿರ ಇರುವುದು ಆ ನಂಬರೇ. ಗುರುತಿಲ್ಲದವರಿಗೆ ದುಡ್ಡು ಕೊಡುವುದಾದರೆ, ಮೂರು-ನಾಲ್ಕು ಪರ್ಸೆಂಟ್ ಹೆಚ್ಚು ಹೋದರೂ ಸರಿ, ವಾಪಸ್ ಕೇಳಲು ದಾರಿ ಇರುವ ರೀತಿಯಲ್ಲೇ ಕೊಡಿ. ಖರೀದಿಗೆ ರಕ್ಷಣೆ ಕೊಡುವ ಪಾವತಿ ಬೇಡ, ಗೆಳೆಯನಿಗೆ ಕಳಿಸಿದ ಹಾಗೆ ಕಳಿಸಿ ಅಂತ ಮಾರುವವನು ಹೇಳಿದರೆ ಅಲ್ಲಿಗೇ ಮಾತು ಮುಗಿಸಿ.

ಹಾಗಾದರೆ ಪಿಎಸ್‌ಎ, ಎಸ್‌ಜಿಸಿ ತರಹದ ಕಂಪನಿಯವರು ಕಾರ್ಡು ಪರೀಕ್ಷಿಸಿ ದರ್ಜೆ ಕೊಟ್ಟು ಮುಚ್ಚಿದ ಡಬ್ಬಿಯದ್ದೇ ಕೊಂಡರಾಯಿತು ಅನ್ನುತ್ತೀರಿ. ಬಿಡಿ ಕಾರ್ಡಿಗಿಂತ ಅದು ಎಷ್ಟೋ ವಾಸಿ, ಆದರೆ ಡಬ್ಬಿಯನ್ನೂ ಖೋಟಾ ಮಾಡುತ್ತಾರೆ. ಅಸಲಿ ಕಾರ್ಡಿನ ನಂಬರನ್ನೇ ಕದ್ದು ಚೀಟಿಯಲ್ಲಿ ಹಾಕುವುದರಿಂದ, ವೆಬ್‌ಸೈಟಿನಲ್ಲಿ ನಂಬರು ಸಿಕ್ಕಿತು ಅಂತ ಸಮಾಧಾನ ಪಡಬೇಡಿ. ಅಲ್ಲಿ ಫೋಟೋ ಇದ್ದರೆ ಮೂಲೆಯ ಮಡಿಕೆ, ಅಚ್ಚಿನ ಓರೆ, ಕಲೆ ಎಲ್ಲ ನಿಮ್ಮ ಕೈಲಿರುವ ಕಾರ್ಡಿಗೆ ಕೂಡುತ್ತದೆಯೇ ನೋಡಿ. ಪಿಎಸ್‌ಎ ದರ್ಜೆ ಕೊಟ್ಟ ಮೊಟ್ಟಮೊದಲ ಕಾರ್ಡು ಹಳೆಯ ಕಾಲದ ಆಟಗಾರ ಹೋನಸ್ ವ್ಯಾಗ್ನರ್ ಅವರದ್ದು, ಈ ಲೋಕದ ಕೋಹಿನೂರು. ಚೆನ್ನಾಗಿ ಕಾಣಲೆಂದು ಅದರ ಅಂಚನ್ನು ತಾನೇ ಕತ್ತರಿಸಿದ್ದೆ ಅಂತ, ಹರಾಜು ಕಂಪನಿ ನಡೆಸುತ್ತಿದ್ದ ಬಿಲ್ ಮ್ಯಾಸ್ಟ್ರೋ 2013ರಲ್ಲಿ ಶಿಕಾಗೋ ಕೋರ್ಟಿನಲ್ಲಿ ಒಪ್ಪಿಕೊಂಡ. ದೊಡ್ಡವರ ಕಣ್ಣೇ ತಪ್ಪುವಾಗ ನಮ್ಮದೇನು.

ಸಹಿ ಹಾಕಿದ ಚೆಂಡುಗಳ ವಿಷಯ ಇನ್ನೂ ಕಷ್ಟ. ಫ್ರೀಮಾಂಟಿನ ಗೆಳೆಯರೊಬ್ಬರು, 1962ರಲ್ಲಿ ಮೇಸ್ ಸಹಿ ಹಾಕಿದ್ದು ಅಂತ ಪ್ರಮಾಣಪತ್ರ ಸಮೇತ ಒಂದು ಚೆಂಡು ತರಿಸಿದ್ದರು. ಬಂಗಾರದ ಮುದ್ರೆ, ಉಬ್ಬಚ್ಚು, ಮದುವೆ ಕಾಗದದ ಹಾಗೆ ಇತ್ತು ಪತ್ರ. ಜೈಂಟ್ಸ್ ಆಡುವ ನ್ಯಾಷನಲ್ ಲೀಗಿನ ಹಳೆಯ ಚೆಂಡಿನ ಮೇಲೆ ಲೀಗಿನ ಅಧ್ಯಕ್ಷರ ಸಹಿಯ ಅಚ್ಚು ಇರುತ್ತದೆ. ಇದರ ಮೇಲಿದ್ದದ್ದು ಬಿಲ್ ವೈಟ್ ಅವರದ್ದು. ಅವರು ಅಧ್ಯಕ್ಷರಾದದ್ದು 1989ರಲ್ಲಿ, 1962ರಲ್ಲಿ ಅವರೇ ಸೇಂಟ್ ಲೂಯಿಸ್ ತಂಡದ ಫಸ್ಟ್ ಬೇಸಿನಲ್ಲಿ ಆಡುತ್ತಿದ್ದರು! ಪತ್ರ ಬರೆದವನಿಗೆ ಚೆಂಡು ಓದಲು ಪುರುಸೊತ್ತಿರಲಿಲ್ಲ. ಖೋಟಾ ಸಹಿಗಳ ಜಾಲವನ್ನೇ ಎಫ್‌ಬಿಐ ಆಪರೇಷನ್ ಬುಲ್‌ಪೆನ್ ಅಂತ ಹೆಸರಿಟ್ಟು ಹಿಡಿದದ್ದು 1990ರ ದಶಕದ ಕೊನೆಗೆ. ಆಮೇಲೆ, 2001ರಿಂದ, ಬೇಸ್‌ಬಾಲ್ ನಡೆಸುವ ಮೇಜರ್ ಲೀಗಿನವರು ತಾವೇ ಸಾಕ್ಷಿಗಳನ್ನು ಕೂರಿಸಿ ಹೊಲೊಗ್ರಾಮ್ ಅಂಟಿಸಲು ಶುರುಮಾಡಿದರು. ನಾನಂತೂ ಸಹಿಯದ್ದು ಏನಾದರೂ ಕೊಂಡರೆ ಆ ಹೊಲೊಗ್ರಾಮ್ ಇರುವುದನ್ನಷ್ಟೇ, ಅದರ ನಂಬರು ನೋಡಿಕೊಂಡೇ.

ಬಿಡಿ ಕಾರ್ಡು ಕೊಳ್ಳಲೇಬೇಕು ಅನ್ನುವವರಿಗೆ ಆ ಮುದುಕರು ಹೇಳಿಕೊಟ್ಟ ಉಪಾಯವೊಂದಿದೆ. ಯಾವ ವರ್ಷದ ದೊಡ್ಡ ಕಾರ್ಡು ಬೇಕೋ, ಅದೇ ವರ್ಷದ, ಯಾರಿಗೂ ಬೇಡವಾದ ಆಟಗಾರನ ಕಾರ್ಡೊಂದನ್ನು ಮೊದಲು ಕೊಂಡು ಜೇಬಿನಲ್ಲಿಟ್ಟುಕೊಳ್ಳಿ. ಯಾರೂ ಕೇಳದವನ ಕಾರ್ಡನ್ನು ಖೋಟಾ ಮಾಡುವ ತೊಂದರೆ ಯಾರು ತೆಗೆದುಕೊಳ್ಳುತ್ತಾರೆ? ಅಳತೆ, ದಪ್ಪ, ರಟ್ಟಿನ ಬಣ್ಣ, ವಾಸನೆ ಎಲ್ಲಕ್ಕೂ ಅದೇ ಅಳತೆಗೋಲು. ಅಂದೇ ಅವರಲ್ಲಿ 1952ರದ್ದೊಂದು ಕೊಂಡೆ, ನಡುವೆ ಮಡಿಕೆ ಬಿದ್ದದ್ದು, ಇಪ್ಪತ್ತು ಡಾಲರಿಗೆ. ಅದರಲ್ಲಿರುವ ಆಟಗಾರನ ಹೆಸರು ಅವರಿಗೂ ನೆನಪಿರಲಿಲ್ಲ.

ಹೊರಡುವಾಗ ಅವರು ಅಳಿಸದ ಮಸಿಯ ಮಾರ್ಕರ್ ಪೆನ್ ಒಂದನ್ನು ಕೈಗೆ ಕೊಟ್ಟು ನನ್ನ ಮೇಸ್ ಕಡೆ ಬೆರಳು ತೋರಿಸಿದರು. ನೀವು ಮಾರದಿದ್ದರೂ, ನಿಮ್ಮ ಕಾಲಾನಂತರ ಯಾರಾದರೂ ಮಾರುತ್ತಾರೆ ಅಂದರು. ಕಾರ್ಡು ತಿರುಗಿಸಿ, ಅಕ್ಷರ ಉಜ್ಜಿ ರಟ್ಟಿನ ನಾರು ಎದ್ದಿದ್ದ ಜಾಗದಲ್ಲೇ ದಪ್ಪಗೆ ಬರೆದೆ: ರೀಪ್ರಿಂಟ್, 1983.